ಕಿವಿಯಿರುವ ತಂಗಡಿ: ಚಿತ್ರದುರ್ಗದ ಒಂದು ಮನೆಬೇಲಿಯ ಕೆಲಸದ ದಿನಚರಿ

ಚಿತ್ರದುರ್ಗದ ಹೊರವಲಯದಲ್ಲಿರುವ ನಮ್ಮ ನಿವೇಶನ 40 ಅಡಿ ಅಗಲ, 60 ಅಡಿ ಉದ್ದದ್ದು. ಪಶ್ಚಿಮದ ಕಡೆಯ ಕಾಂಪೌಂಡ್ ಗೋಡೆ ಹಣ ಸಾಲದೆ ಮೊಣಕಾಲೆತ್ತರಕ್ಕೇ ನಿಂತುಹೋಗಿದ್ದರಿಂದ, ಅದರ ಒಳಮಗ್ಗುಲಿಗೆ 48 ಅಡಿ ಉದ್ದಕ್ಕೆ ಹಳದಿ ಎಲೆಯ ಡ್ಯುರಾಂಟಾ ಬೇಲಿಯನ್ನು ಬೆಳೆಸಿದ್ದೆವು. 2021ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರನ್ನು ಕೊಳ್ಳುವ ಸ್ಥಿತಿ ಬಂದಾಗ, ಕುಡಿಯುವುದಕ್ಕೆ ಕೊಂಡ ನೀರನ್ನು ಬೇಲಿಗೆ ಸುರಿಯಲು ಮನಸ್ಸು ಒಪ್ಪಲಿಲ್ಲ. ಐದು ವಾರಗಳಲ್ಲಿ ಡ್ಯುರಾಂಟಾ ಪೂರ್ತಿ ಒಣಗಿ ಕಡ್ಡಿಯಾಯಿತು. ಅಮೆರಿಕ ಖಂಡದ ಬೆಚ್ಚನೆಯ ನಾಡುಗಳಿಂದ ಬಂದ ಆ ಗಿಡಕ್ಕೆ, ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಅದರಲ್ಲೂ ದೊಡ್ಡದೊಂದು ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಸುರಿಯುವ ನಮ್ಮ ಊರಿನಲ್ಲಿ ನೀರುಣಿಸದೆ ಬದುಕು ಎಂದು ಹೇಳುವುದೂ ನ್ಯಾಯವಲ್ಲ.

ಅದೇ ಮೇ ತಿಂಗಳಿನಲ್ಲಿ ಊರಾಚೆಯ ಕಲ್ಲುಗುಡ್ಡದ ಇಳಿಜಾರಿನಲ್ಲಿ ‘ಬಂದರೆ’ ಎಂಬ ಕಾಡುಪೊದೆಯ ಗಿಡಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಅವುಗಳಿಗೆ ಯಾರೂ ಒಂದು ಚೊಂಬು ನೀರು ಹಾಕಿದವರಲ್ಲ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದವನು. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೇಲಿಯನ್ನು ಯಾವ ಗಿಡಗಳಿಂದ ಮತ್ತೆ ಕಟ್ಟಬೇಕೆಂಬುದರಲ್ಲಿ ಗೊಂದಲ ಉಳಿಯಲಿಲ್ಲ. ಗೊಂದಲ ಹುಟ್ಟಿದ್ದು ಆಮೇಲೆ, ಗಿಡಗಳನ್ನು ಗುರುತಿಸುವ ಕೆಲಸದಲ್ಲಿ.

ನವೆಂಬರ್ 2021: ನೆಲ

ಒಣಗಿದ ಬೇಲಿಯನ್ನು ಬುಡಸಮೇತ ಕಿತ್ತ ಮೇಲೆ ನೆಲವನ್ನು ನೋಡಿದೆ. ಮೇಲಿನ ಒಂದು ಗೇಣು ಮಣ್ಣು ನಾವು ಲೋಡುಗಟ್ಟಲೆ ತರಿಸಿ ಹಾಕಿದ ಕೆಂಪು ಮಣ್ಣು. ಅದರ ಕೆಳಗೆ ಮನೆ ಕಟ್ಟಿದಾಗ ಉಳಿದ ಗಾರೆ, ಇಟ್ಟಿಗೆ ಚೂರು, ಎರಡು ಸಿಮೆಂಟ್ ಚೀಲ. ಅದಕ್ಕೂ ಕೆಳಗೆ ಈ ಊರಿನ ನಿಜವಾದ ನೆಲ, ಅಂದರೆ ಹಾರೆ ಹಾಕಿದರೆ ಕಿಡಿ ಹಾರುವ ಗೊರಚು. ಒಂದು ಅಡಿ ಅಗಲ, ಒಂದು ಅಡಿ ಆಳದ ಮೂರು ಗುಂಡಿಗಳನ್ನು ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿಸಿ ಅಳತೆಪಟ್ಟಿಯಿಂದ ಗಂಟೆಗೊಮ್ಮೆ ಅಳೆದೆ. ಎರಡನೆಯ ಸಲದ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಮೊದಲ ಸಲ ಒಣ ಮಣ್ಣು ಕಂಡಾಪಟ್ಟೆ ನೀರನ್ನು ಹೀರಿ ಸುಳ್ಳು ಹೇಳುತ್ತದೆ. ಎರಡು ಗುಂಡಿಗಳಲ್ಲಿ ಗಂಟೆಗೆ ಎರಡು ಅಂಗುಲದಷ್ಟು ನೀರು ಇಳಿಯಿತು. ಗೇಟಿನ ಬಳಿಯ ಮೂರನೆಯ ಗುಂಡಿಯಲ್ಲಿ ಮಾತ್ರ ಮರುದಿನ ಬೆಳಿಗ್ಗೆಯೂ ನಾಲ್ಕು ಬೆರಳು ನೀರು ನಿಂತಿತ್ತು. ಕೆಳಗೆ ಗಾರೆ ಸುರಿದು ಗಟ್ಟಿಯಾಗಿದ್ದುದೇ ಅದಕ್ಕೆ ಕಾರಣವೆಂದು ಗೊತ್ತಿದ್ದೂ, ಅದನ್ನು ಒಡೆಸುವ ಕೂಲಿಯನ್ನು ಉಳಿಸಲು ಹೋಗಿ ಹಾಗೆಯೇ ಬಿಟ್ಟೆ. ಆ ಉಳಿತಾಯದ ಕಥೆ ಮುಂದೆ ಬರುತ್ತದೆ.

ಬರವನ್ನು ತಡೆಯುವ ಗಿಡಗಳೆಲ್ಲ ನಮ್ಮ ನೆಲದವೇ ಎಂದು ತಿಳಿಯುವ ಹಾಗಿಲ್ಲ. ಬಯಲುಸೀಮೆಯ ಹೊಲದ ಬದುಗಳಲ್ಲಿ ತಲೆಮಾರುಗಳಿಂದ ಇರುವ ಕತ್ತಾಳೆ ಮೆಕ್ಸಿಕೊ ಕಡೆಯದು, ಪಾಪಾಸುಕಳ್ಳಿ ಅಮೆರಿಕ ಖಂಡದ್ದು, ಬಳ್ಳಾರಿ ಜಾಲಿ ಹೆಸರಿನಲ್ಲಷ್ಟೇ ಬಳ್ಳಾರಿಯದು. ಇವೆಲ್ಲ ನೀರಿಲ್ಲದೆ ಬದುಕುತ್ತವೆ, ನಿಜ. ಆದರೆ ಜಾಲಿಯನ್ನು ಮನೆಯ ಬೇಲಿಗೆ ತಂದವನು ಪಕ್ಕದ ನಾಲ್ಕು ಸೈಟುಗಳಿಗೂ ಅದನ್ನು ಹಂಚಿದಂತೆಯೇ. ಹೀಗಾಗಿ ಐದು ಪೊದೆಗಳನ್ನು ಮಾತ್ರ ಆರಿಸಿಕೊಂಡೆ: ಬಂದರೆ, ತಂಗಡಿ, ಕವಳೆ, ಲಕ್ಕಿ ಮತ್ತು ಮುಳ್ಳುಗೋರಂಟೆ. ಐದೂ ನಮ್ಮ ಮನೆಯಿಂದ ಎರಡು ಹರದಾರಿಯೊಳಗೆ ತಾವಾಗಿಯೇ ಬೆಳೆಯುವಂಥವು.

ಹೆಸರನ್ನು ನಂಬಿದ್ದು

ತಂಗಡಿಯನ್ನು ಬೀಜದಿಂದ ಬೆಳೆಸುವಷ್ಟು ತಾಳ್ಮೆಯಿಲ್ಲದೆ, ಒಂದು ನರ್ಸರಿಯಿಂದ ಹಳದಿ ಹೂ ಬಿಟ್ಟಿದ್ದ ಮೂರು ಗಿಡಗಳನ್ನು ತಂದು ಗೇಟಿನ ಬಳಿ ನೆಟ್ಟೆ. ಚೀಟಿಯಲ್ಲಿ ‘ಆವರಿಕೆ’ ಎಂದೇ ಬರೆದಿತ್ತು. ಆವರಿಕೆ, ಹೊನ್ನಾವರಿಕೆ, ತಂಗಡಿ ಎಲ್ಲವೂ ಒಂದೇ ಗಿಡದ ಹೆಸರುಗಳು. ಫೆಬ್ರವರಿಯ ಒಂದು ಬೆಳಿಗ್ಗೆ ಮೇಕೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಗೋಡೆಯ ಆಚೆ ನಿಂತು ನೋಡಿ, “ಮೇಷ್ಟ್ರೇ, ಯಾವ ಗಿಡ ಹಾಕೀರಿ ಇದು?” ಎಂದರು.

“ತಂಗಡಿ ಅಜ್ಜಾ.”

“ತಂಗಡಿ ಅಲ್ಲ ಬಿಡ್ರಿ. ತಂಗಡಿಗೆ ಕಿವಿ ಇರ್ತಾವೆ. ಇದಕ್ಕೆಲ್ಲಿ ಅದಾವೆ?”

ಅವರು ಹೋದ ಮೇಲೆ ಭೂತಗನ್ನಡಿ ಹಿಡಿದು ಕುಳಿತೆ. ರಸ್ತೆಬದಿಯಿಂದ ಒಂದು ನಿಜವಾದ ತಂಗಡಿ ಕೊಂಬೆಯನ್ನು ತಂದು ಪಕ್ಕದಲ್ಲಿಟ್ಟುಕೊಂಡೆ. ತಂಗಡಿಯ ಎಲೆಯ ತೊಟ್ಟು ಕೊಂಬೆಯನ್ನು ಸೇರುವ ಜಾಗದಲ್ಲಿ, ಎರಡೂ ಕಡೆಗೆ ಒಂದೊಂದರಂತೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಸಿರು ಕಿವಿಗಳು ಅಂಟಿಕೊಂಡಿದ್ದವು. ಕೆಳತುದಿ ಗುಂಡಗೆ, ಮೇಲಿನ ಮೂಲೆ ಚೂಪಾಗಿ, ಮಗುವಿನ ಕಿವಿಯ ಹಾಗೆಯೇ. ಎಲೆಗಳು ಉದುರಿದ ಹಳೆಯ ಕೊಂಬೆಯಲ್ಲೂ ಅವು ಉದುರದೆ ಉಳಿದಿದ್ದವು. ನರ್ಸರಿಯ ಗಿಡದಲ್ಲಿ ಅದೇ ಜಾಗದಲ್ಲಿ ಇದ್ದದ್ದು ದಾರದೆಳೆಯಂತಹ ಸಣ್ಣ ಕಡ್ಡಿ ಮಾತ್ರ. ಪುಸ್ತಕದಲ್ಲಿ ಇದಕ್ಕೆ ಕಾವಿನೆಲೆ ಎನ್ನುತ್ತಾರೆ. ತಂಗಡಿಯ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. ಆ ಎರಡನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ ಕಿವಿಯುಳ್ಳದ್ದು ಎಂದೇ ಅರ್ಥ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕಿವಿಯನ್ನು ಗುರುತಿಸಿ ಇಟ್ಟ ಹೆಸರನ್ನು, ಮೇಕೆ ಕಾಯುವ ಅಜ್ಜ ಗೋಡೆಯಾಚೆಯಿಂದಲೇ ಓದಿ ಹೋಗಿದ್ದರು.

ಇನ್ನೊಂದು ಗುರುತೂ ಇದೆ. ತಂಗಡಿಯ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳಿದ್ದು, ಪ್ರತಿ ಜೊತೆಯ ನಡುವೆಯೂ ನೆಟ್ಟಗೆ ನಿಂತ ಸಾಸಿವೆಗಿಂತ ಸಣ್ಣದೊಂದು ಗ್ರಂಥಿ ಇರುತ್ತದೆ. ನನ್ನ ಮೂರು ಗಿಡಗಳಲ್ಲಿ ಅದು ಕೆಳಗಿನ ಎರಡು ಮೂರು ಜೊತೆಗಳ ನಡುವೆ ಮಾತ್ರ ಇತ್ತು. ಅವು ಉದ್ಯಾನಗಳಲ್ಲಿ ಅಂದಕ್ಕಾಗಿ ಬೆಳೆಸುವ ಸೆನ್ನಾ ಸುರಾಟೆನ್ಸಿಸ್ ಎಂಬ ನಿರ್ಣಯಕ್ಕೆ ಬಂದೆ. ಕೆಟ್ಟ ಗಿಡವೇನಲ್ಲ. ಆದರೆ ನಾನು ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಗೋರಂಟೆಯ ವಿಷಯದಲ್ಲಿ ತಪ್ಪು ನನ್ನದೇ. ‘ಗೋರಂಟಿ ಕಡ್ಡಿ ಇದ್ದರೆ ಕೊಡಿ’ ಎಂದು ಪರಿಚಿತರೊಬ್ಬರನ್ನು ಕೇಳಿದಾಗ, ಹಳೆ ಮೈಸೂರಿನ ಕಡೆಯವರಾದ ಅವರು ಪ್ರೀತಿಯಿಂದ ಒಂದು ಕಂತೆ ಮೆಹಂದಿ ಕಡ್ಡಿಗಳನ್ನು ಕತ್ತರಿಸಿ ಕಳಿಸಿದರು. ಅವರ ಮಾತಿನಲ್ಲಿ ಗೋರಂಟಿ ಎಂದರೆ ಕೈಗೆ ಹಚ್ಚುವ ಮದರಂಗಿ. ನನಗೆ ಬೇಕಾಗಿದ್ದದ್ದು ಮುಳ್ಳಿನ ನಡುವೆ ಹಳದಿ ಹೂ ಬಿಡುವ ಬಾರ್ಲೇರಿಯಾ ಪ್ರಯೋನೈಟಿಸ್. ಊರಿಂದೂರಿಗೆ ಹೆಸರುಗಳು ಹೀಗೆ ಕೈ ಬದಲಾಯಿಸುವುದರಿಂದ, ಈಗ ನಾನು ಗಿಡವನ್ನು ಹೆಸರು ಹೇಳಿ ಕೇಳುವುದಿಲ್ಲ; ಎಲೆ, ಮುಳ್ಳು, ಹೂವಿನ ಬಣ್ಣ ಹೇಳಿ ಕೇಳುತ್ತೇನೆ.

ಜನವರಿಯಿಂದ ಮಾರ್ಚ್ 2022: ಬೀಜ

ಬೀಜಗಳನ್ನು ಹೊಲದ ಬದು ಮತ್ತು ರಸ್ತೆಬದಿಯ ಗಿಡಗಳಿಂದ ಮಾತ್ರ ಆಯ್ದುಕೊಂಡೆ. ಜೋಗಿಮಟ್ಟಿಯ ಕಾಡಿನಲ್ಲಿ ಇವು ಬೇಕಾದಷ್ಟಿವೆ. ಆದರೆ ಅದು ವನ್ಯಜೀವಿ ಧಾಮ, ಅಲ್ಲಿಂದ ಒಂದು ಕಡ್ಡಿಯನ್ನೂ ತರಬಾರದು.

ಬಂದರೆಯನ್ನು ಗುರುತಿಸಲು ಕಣ್ಣಿಗಿಂತ ಬೆರಳು ಮೇಲು. ಚಿಗುರನ್ನು ಹಿಸುಕಿದರೆ ಹಲಸಿನ ಮೇಣಕ್ಕಿಂತ ತೆಳುವಾದ ಅಂಟು ಬೆರಳಿಗೆ ಹತ್ತುತ್ತದೆ. ಡೊಡೋನಿಯಾ ವಿಸ್ಕೋಸಾ ಎಂಬ ಹೆಸರಿನ ಎರಡನೆಯ ಭಾಗ ಈ ಅಂಟನ್ನೇ ಹೇಳುತ್ತದೆ. ಎಲೆಯ ಮೇಲೆ ಮೆರುಗೆಣ್ಣೆಯಂತೆ ಹರಡಿಕೊಳ್ಳುವ ಈ ರಾಳವೇ ಬೇಸಿಗೆಯಲ್ಲಿ ಗಿಡದ ನೀರು ಆವಿಯಾಗಿ ಹೋಗದಂತೆ ತಡೆಯುವ ಮುಚ್ಚಳ. ಅದರ ಕಹಿಗೆ ಮೇಕೆಗಳೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಜನವರಿಯ ಹೊತ್ತಿಗೆ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ, ಕಾಗದದಂತಹ ಮೂರು ರೆಕ್ಕೆಗಳೊಂದಿಗೆ ಗಾಳಿಗೆ ಸರಸರ ಎನ್ನುತ್ತಿರುತ್ತವೆ. ಕೆಲವು ಕಾಯಿಗಳಿಗೆ ಎರಡೇ ರೆಕ್ಕೆ, ಅಪರೂಪಕ್ಕೆ ನಾಲ್ಕು. ಅಂಟುವಾಳದ ಕುಟುಂಬಕ್ಕೇ ಸೇರಿದ ಗಿಡವಿದು ಎಂದರೆ ಮೊದಲಿಗೆ ನಂಬುವುದು ಕಷ್ಟ.

ಒಳಗಿನ ಕರಿ ಬೀಜ ಎಳ್ಳಿಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ಮಾತ್ರ ಕಲ್ಲು. 50 ಬೀಜಗಳನ್ನು ಹಾಗೆಯೇ ಬಿತ್ತಿದೆ. ನಲವತ್ತು ದಿನಗಳಲ್ಲಿ ಮೊಳೆತದ್ದು ನಾಲ್ಕು. ಇನ್ನೊಂದು 50ನ್ನು ಲೋಟದಲ್ಲಿ ಹಾಕಿ, ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಒಂದು ನಿಮಿಷ ಬಿಟ್ಟು ಅದರ ಮೇಲೆ ಸುರಿದು, ರಾತ್ರಿಯಿಡೀ ತಣಿಯಲು ಬಿಟ್ಟೆ. ಬೆಳಿಗ್ಗೆ ಬಹುಪಾಲು ಬೀಜಗಳು ಉಬ್ಬಿ ಎರಡರಷ್ಟಾಗಿದ್ದವು. ತೇಲುತ್ತಿದ್ದ ಜೊಳ್ಳನ್ನು ಚೆಲ್ಲಿ, ಉಬ್ಬದೆ ಉಳಿದವಕ್ಕೆ ಮತ್ತೊಮ್ಮೆ ಬಿಸಿನೀರು ಕೊಟ್ಟೆ. ಇವುಗಳಲ್ಲಿ 31 ಮೊಳೆತವು. ಗುಡ್ಡದಲ್ಲಿ ಈ ಕೆಲಸವನ್ನು ಬಿಸಿಲೋ ಕಾಡುಬೆಂಕಿಯೋ ಮಾಡುತ್ತದೆ. ಮನೆಯಲ್ಲಿ ಗ್ಯಾಸ್ ಒಲೆ ಸಾಕು.

ತಂಗಡಿಯ ಕಾಯಿ ಚಪ್ಪಟೆಯಾದ ತೆಳುವಾದ ಪಟ್ಟಿ, ಒಳಗೆ ಹತ್ತರಿಂದ ಇಪ್ಪತ್ತು ಬೀಜ. ಬಿಸಿನೀರಿನ ಬದಲು ಇವುಗಳ ಒಂದು ಅಂಚನ್ನು ಉಪ್ಪುಕಾಗದದ ಮೇಲೆ ಉಜ್ಜಿ ಒಳಗಿನ ಬಿಳುಪು ಕಾಣುವಂತೆ ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿದೆ. ಆರನೆಯ ದಿನಕ್ಕೇ ಮೊಳಕೆ ಬಂತು. ಹುರುಪಿನಲ್ಲಿ ಆರು ಅಂಗುಲದ ಪಾಲಿಥಿನ್ ಚೀಲಗಳಿಗೆ ವರ್ಗಾಯಿಸಿ, ಸಸಿಗಳನ್ನು ಜೂನ್‌ವರೆಗೆ ಅದರಲ್ಲೇ ಬಿಟ್ಟೆ. ಅಲ್ಲಿ ತಪ್ಪಿದೆ. ಈ ಗಿಡ ಮೇಲೆ ನಾಲ್ಕು ಎಲೆ ಬಿಡುವಷ್ಟರಲ್ಲಿ ಕೆಳಗೆ ತಾಯಿಬೇರನ್ನು ಒಂದು ಅಡಿ ಇಳಿಸುವ ಜಾತಿಯದು. ಚೀಲದ ತಳ ಸಿಕ್ಕಿದ ಬೇರು ಹಾವಿನಂತೆ ಸುರುಳಿ ಸುತ್ತಿಕೊಂಡಿತು.

ಕವಳೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಹಿಂದಿನ ಮುಂಗಾರಿನಲ್ಲಿ ತಿಂದ ಹಣ್ಣುಗಳ ಬೀಜಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬಾಟಲಿಯಲ್ಲಿ ಮುಚ್ಚಿಟ್ಟಿದ್ದೆ. ಮಾರ್ಚಿನಲ್ಲಿ ಬಿತ್ತಿದ 60 ಬೀಜಗಳಲ್ಲಿ ಒಂದೂ ಹುಟ್ಟಲಿಲ್ಲ. ಬಿಸಿನೀರು, ಉಜ್ಜುವಿಕೆ ಯಾವುದೂ ಇದಕ್ಕೆ ಬೇಡ. ಹಣ್ಣಿನಿಂದ ತೆಗೆದ ವಾರದೊಳಗೆ ಮಣ್ಣು ಸೇರಬೇಕು, ಅಷ್ಟೇ. ಒಣಗಿಸಿ ಇಟ್ಟರೆ ಬೀಜದ ಜೀವ ಹೋಗುತ್ತದೆ. ಆ ವರ್ಷದ ಜೂನ್ ಕೊನೆಯಲ್ಲಿ, ಮೊಮ್ಮಕ್ಕಳು ತಿಂದು ಉಗುಳಿದ ಬೀಜಗಳನ್ನು ಅಂದೇ ಬಿತ್ತಿದಾಗ ಮೂರು ವಾರಗಳಲ್ಲಿ ಸಸಿಗಳು ಎದ್ದವು. ಅವು ನೆಡುವ ಹದಕ್ಕೆ ಬರಲು ಮತ್ತೊಂದು ವರ್ಷ ಹಿಡಿಯಿತು.

ಜೂನ್ 2022: ನಾಟಿ

ಮೃಗಶಿರಾ ಮಳೆ ಬಿದ್ದ ಮೇಲೆ, ಮೂರು ಅಡಿಗೊಂದರಂತೆ ಎರಡು ಸಾಲುಗಳಲ್ಲಿ ಅಂಕುಡೊಂಕಾಗಿ ಒಂದೂವರೆ ಅಡಿ ಆಳದ ಗುಂಡಿಗಳನ್ನು ತೆಗೆಸಿದೆ. ಬಂದರೆ 12, ತಂಗಡಿ 8, ಲಕ್ಕಿ 4, ಗೋರಂಟೆ 4. ಕವಳೆಗಾಗಿ ಆರು ಗುಂಡಿಗಳನ್ನು ಖಾಲಿ ಬಿಟ್ಟೆ. ಗುಂಡಿಯಿಂದ ತೆಗೆದ ಮಣ್ಣನ್ನೇ ಗಾರೆ ಚೂರು ಆರಿಸಿ ಮರಳಿ ತುಂಬಿದೆ. ತಂಗಡಿಯ ಗುಂಡಿಗಳಿಗೆ ಮಾತ್ರ, ಹೆಚ್ಚು ಹೂ ಬಿಡಲಿ ಎಂಬ ಆಸೆಯಿಂದ, ತಲಾ ಒಂದು ಮಂಕರಿ ಕೊಟ್ಟಿಗೆ ಗೊಬ್ಬರವನ್ನು ಸೇರಿಸಿದೆ. ಬೇಲಿಯುದ್ದಕ್ಕೂ ಡ್ರಿಪ್ ಪೈಪನ್ನೂ ಎಳೆಸಿದೆ. ಕೊಳವೆಬಾವಿ ಬತ್ತಿದವನು ಡ್ರಿಪ್ ಹಾಕಿಸುವುದನ್ನು ಕಂಡು ಪ್ಲಂಬರ್ ನಕ್ಕದ್ದು ಇನ್ನೂ ನೆನಪಿದೆ.

ಲಕ್ಕಿಗೆ ಯಾವ ಉಪಚಾರವೂ ಬೇಕಾಗಲಿಲ್ಲ. ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿಗಳನ್ನು ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗುವಂತೆ ನೇರವಾಗಿ ಊರಿದೆ, ನಾಲ್ಕೂ ಚಿಗುರಿದವು. ಕೈಬೆರಳುಗಳಂತೆ ಹರಡಿದ ಮೂರು ಅಥವಾ ಐದು ಕಿರುಎಲೆಗಳು, ಅವುಗಳ ಬೂದುಬಿಳುಪಿನ ಬೆನ್ನು, ನಾಲ್ಕು ಮೂಲೆಯ ಎಳೆಗೊಂಬೆ, ಇವುಗಳಿಗಿಂತ ಹೆಚ್ಚಾಗಿ ಆ ವಾಸನೆ: ಅಜ್ಜಿಯ ಕಾಲದ ಬಾಣಂತಿ ಕೋಣೆಯನ್ನೂ, ಕಾಳಿನ ಕಣಜವನ್ನೂ ನೆನಪಿಗೆ ತರುವ ಈ ಸೊಪ್ಪನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು.

ಕೋಡಿ ಬಿದ್ದ ವರ್ಷ

2022ರ ಮಳೆಯನ್ನು ನಮ್ಮ ಜಿಲ್ಲೆಯವರು ಬೇಗ ಮರೆಯುವುದಿಲ್ಲ. ಮಾರಿಕಣಿವೆ ಎಂದು ನಾವು ಕರೆಯುವ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, ಅಂದರೆ 89 ವರ್ಷಗಳ ಮೇಲೆ, ಆ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಊರೆಲ್ಲ ಬಾಗಿನ, ಪೂಜೆ ಎಂದು ಓಡಾಡುತ್ತಿದ್ದಾಗ ನನ್ನ ಬರ ತಡೆಯುವ ಬೇಲಿ ನೀರಿನಲ್ಲಿ ಕೊಳೆಯುತ್ತಿತ್ತು.

ಮೊದಲು ಹೋದದ್ದು ಗೇಟಿನ ಬಳಿಯ ಎರಡು ತಂಗಡಿ ಗಿಡಗಳು, ಅಂದರೆ ನೀರು ನಿಲ್ಲುವುದೆಂದು ನಾನೇ ಅಳೆದು ಬರೆದಿಟ್ಟಿದ್ದ ಜಾಗದಲ್ಲಿದ್ದವು. ಎಲೆಗಳು ಹಳದಿಗೆ ತಿರುಗಿದಾಗ ನೀರು ಸಾಲದೆಂದು ತಿಳಿದು, ಮಳೆ ಬಿಡುವು ಕೊಟ್ಟ ನಾಲ್ಕು ದಿನ ಡ್ರಿಪ್ಪನ್ನೂ ತಿರುಗಿಸಿದೆ. ಒಂದು ವಾರದಲ್ಲಿ ಗಿಡ ಎಳೆದರೆ ಕೈಗೇ ಬಂತು. ಬುಡದ ತೊಗಟೆ ಕಪ್ಪಾಗಿ ಲೋಳೆಯಾಗಿತ್ತು, ಬೇರಿನಿಂದ ಚರಂಡಿಯ ವಾಸನೆ ಬರುತ್ತಿತ್ತು, ಗೊಬ್ಬರ ತುಂಬಿದ ಗುಂಡಿ ಗೊರಚಿನ ನಡುವೆ ತೊಟ್ಟಿಯಂತೆ ನೀರು ಹಿಡಿದು ಕುಳಿತಿತ್ತು. ತಾಯಿಬೇರು ಚೀಲದಲ್ಲಿ ಸುತ್ತಿದ ಸುರುಳಿಯಲ್ಲೇ ಇದ್ದು, ಮೂರು ತಿಂಗಳಾದರೂ ಒಂದು ಅಂಗುಲವೂ ಕೆಳಗೆ ಹೋಗಿರಲಿಲ್ಲ. ತೇವವೂ ಗೊಬ್ಬರವೂ ಮೇಲೆಯೇ ಸಿಗುತ್ತಿರುವಾಗ ಅದು ಏಕೆ ಹೋಗಬೇಕು? ಒಂದು ವಿಷಯವನ್ನು ಅಲ್ಲಿಯೇ ನೋಡಿಕೊಂಡೆ: ಕಾಯಿ ಬಿಡುವ ರೀತಿಯಲ್ಲಿ ಹುರುಳಿ, ಅವರೆಗಳ ಬಳಗಕ್ಕೆ ಸೇರಿದ್ದರೂ ತಂಗಡಿಯ ಬೇರಿನಲ್ಲಿ ಅವುಗಳಿಗಿರುವಂತಹ ಗಂಟುಗಳಿರಲಿಲ್ಲ. ಸೆನ್ನಾ ಕುಲದ ಗಿಡಗಳ ಬೇರಿನಲ್ಲಿ ಸಾಮಾನ್ಯವಾಗಿ ಅವು ಕಟ್ಟುವುದಿಲ್ಲ, ಆದುದರಿಂದ ತಂಗಡಿ ನೆಟ್ಟರೆ ನೆಲಕ್ಕೆ ಸಾರಜನಕ ಸೇರುತ್ತದೆಂಬ ಮಾತನ್ನು ಲೆಕ್ಕಕ್ಕಿಡಬೇಕಾಗಿಲ್ಲ.

ಅಕ್ಟೋಬರ್ ಮುಗಿಯುವಷ್ಟರಲ್ಲಿ ಎಂಟು ತಂಗಡಿಗಳಲ್ಲಿ ಐದು ಹೋದವು. ಗೊಬ್ಬರ ಕಾಣದ ಬಂದರೆಯಲ್ಲಿ ಸತ್ತದ್ದು ಒಂದೇ. ನವೆಂಬರಿನಲ್ಲಿ ಡ್ರಿಪ್ ಪೈಪನ್ನು ಕಳಚಿ, ತರಕಾರಿ ಬೆಳೆಯುವ ನಮ್ಮ ತಮ್ಮನಿಗೆ ಕೊಟ್ಟೆ. ಗೇಟಿನ ಬಳಿಯ ಗಾರೆಯ ಪದರವನ್ನು ಕೊನೆಗೂ ಇಬ್ಬರು ಆಳುಗಳನ್ನು ಕರೆಸಿ ಒಡೆಸಿದೆ. ಮೊದಲೇ ಒಡೆಸಿದ್ದರೆ ಆಗುತ್ತಿದ್ದ ಕೂಲಿಯ ಒಂದೂವರೆಯಷ್ಟು ಖರ್ಚಾಯಿತು.

ಬರದ ವರ್ಷ

ಮೊದಲ ಬೇಸಿಗೆಗೆ, ಅಂದರೆ 2023ರ ಫೆಬ್ರವರಿಯಿಂದ ಮೇವರೆಗೆ, ಹನ್ನೆರಡು ದಿನಕ್ಕೊಮ್ಮೆ ಗಿಡವೊಂದಕ್ಕೆ ಹತ್ತು ಲೀಟರಿನಂತೆ ಬಕೆಟ್ಟಿನಲ್ಲಿ ಹಾಕಿದೆ. ದಿನವೂ ಒಂದು ಚೊಂಬು ಹಾಕುವುದಕ್ಕಿಂತ ಅಪರೂಪಕ್ಕೆ ಒಮ್ಮೆ ಆಳಕ್ಕೆ ಇಳಿಯುವಷ್ಟು ಹಾಕಿದರೆ ಬೇರು ನೀರನ್ನು ಹಿಂಬಾಲಿಸಿ ಕೆಳಗಿಳಿಯುತ್ತದೆ. ಬುಡಕ್ಕೆ ಕಡಲೆಹೊಟ್ಟು, ಒಣಗಿದ ಬೇವಿನೆಲೆಯ ಮುಚ್ಚಿಗೆ ಹಾಕಿದೆ. ಕಾಂಡಕ್ಕೆ ತಾಗಿದಲ್ಲೆಲ್ಲ ಗೆದ್ದಲು ಹತ್ತಿದ್ದರಿಂದ ಆಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಹಾಕುವುದನ್ನು ಕಲಿತೆ.

ಜೂನ್‌ನಲ್ಲಿ ಖಾಲಿಯಾಗಿದ್ದ ತಂಗಡಿ ಗುಂಡಿಗಳ ಗೊಬ್ಬರವನ್ನೆಲ್ಲ ಎತ್ತಿಸಿ, ಗೊರಚನ್ನೇ ತುಂಬಿ, ಉಜ್ಜಿದ ಬೀಜಗಳನ್ನು ಗುಂಡಿಗೆ ಮೂರರಂತೆ ನೇರವಾಗಿ ಊರಿದೆ. ಕವಳೆಯ ಆರು ಸಸಿಗಳನ್ನೂ ನೆಟ್ಟೆ. ಮುಂಗಾರು ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ನೆಟ್ಟ ಕವಳೆಗೆ ಎರಡು ಸಲ ನೀರು ಹಾಕಿದ್ದು ಬಿಟ್ಟರೆ ಬೇಲಿಯನ್ನು ಮಳೆಗೇ ಬಿಟ್ಟೆ, ಏಕೆಂದರೆ ಮನೆಗೂ ನೀರಿರಲಿಲ್ಲ.

ಆ ಕಾಲದ ಟಿಪ್ಪಣಿಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ನೇರವಾಗಿ ಬಿತ್ತಿದ ತಂಗಡಿಗೂ ಚೀಲದಿಂದ ನೆಟ್ಟು ಉಳಿದುಕೊಂಡ ಮೂರಕ್ಕೂ ನಡುವಿನ ವ್ಯತ್ಯಾಸ. ಡಿಸೆಂಬರಿನಲ್ಲಿ ನೇರ ಬಿತ್ತನೆಯ ಸಸಿಗಳು ಒಂದು ಗೇಣೂ ಎತ್ತರವಿರಲಿಲ್ಲ. ಹಳೆಯ ಮೂರು ಸೊಂಟದೆತ್ತರಕ್ಕೆ ಬೆಳೆದು ಹೂ ಬಿಟ್ಟಿದ್ದವು. 2024ರ ಏಪ್ರಿಲ್‌ನಲ್ಲಿ ಬಿಸಿಲು ಏರಿದಾಗ ದೊಡ್ಡ ಗಿಡಗಳು ಮಧ್ಯಾಹ್ನವಾದರೆ ಸೊಪ್ಪು ಜೋಲಿಸಿ, ಕೊನೆಗೆ ಮುಕ್ಕಾಲು ಪಾಲು ಎಲೆ ಉದುರಿಸಿ, ಒಂದು ಸತ್ತೇಹೋಯಿತು. ಗೇಣುದ್ದದ ಸಸಿಗಳು ಒಂದು ಎಲೆಯನ್ನೂ ಕಳೆದುಕೊಳ್ಳದೆ ನಿಂತವು. ಒಂದೇ ಗುಂಡಿಯಲ್ಲಿ ಹೆಚ್ಚಾಗಿ ಹುಟ್ಟಿದ್ದ ಒಂದು ಸಸಿಯನ್ನು ತೆಗೆಯಲು ಹೋಗಿ, ಹಾರೆಯಿಂದ ಎರಡು ಅಡಿ ಕೆದಕಿದರೂ ಬೇರಿನ ತುದಿ ಸಿಗಲಿಲ್ಲ. ಅರ್ಧಕ್ಕೇ ಕತ್ತರಿಸಿ ಬಿಟ್ಟೆ. ಮೇಲಿನ ಒಂದು ಗೇಣಿಗೆ ಕೆಳಗೆ ಎರಡು ಅಡಿಗೂ ಹೆಚ್ಚು ಬೇರು!

ಕವಳೆಯಲ್ಲಿ ಆರಕ್ಕೆ ನಾಲ್ಕು ಉಳಿದವು. ಗೋರಂಟೆ ಬೇಸಿಗೆಯಲ್ಲಿ ಬುಡದವರೆಗೆ ಒಣಗಿದಂತೆ ಕಂಡು, ರೋಹಿಣಿ ಮಳೆಯ ನಾಲ್ಕನೆಯ ದಿನ ನಾಲ್ಕೂ ಚಿಗುರಿದವು; ಅವುಗಳನ್ನು ಕಿತ್ತೆಸೆಯಲು ಸಲಿಕೆ ತೆಗೆದುಕೊಂಡು ಹೊರಟಿದ್ದವನನ್ನು ಮನೆಯಾಕೆ ತಡೆದದ್ದಕ್ಕೆ ಇಂದಿಗೂ ಋಣಿ.

ಹೂ, ದುಂಬಿ, ಹುಳು

2024ರ ಮಳೆಗಾಲ ಸರಿಯಾಗಿ ಬಂತು. ಸೆಪ್ಟೆಂಬರ್ ವೇಳೆಗೆ ಬೇಲಿ ಎದೆಯೆತ್ತರಕ್ಕೆ ಕೂಡಿಕೊಂಡಿತು. ತಂಗಡಿಯಲ್ಲಿ ಹೂ ಬಿಟ್ಟ ಬೆಳಿಗ್ಗೆ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ ಕಿವಿಗೇ ಒಂದು ಪಾಠ. ದೊಡ್ಡ ಕಪ್ಪು ದುಂಬಿ ಹಾರಿ ಬರುವಾಗ ಒಂದು ಸ್ವರ. ಹೂವನ್ನು ತಬ್ಬಿಕೊಂಡು ಕುಳಿತ ಕೂಡಲೇ ಆ ಸ್ವರ ಥಟ್ಟನೆ ಏರಿ, ಮಿಕ್ಸಿಯ ಗುಂಡಿ ಒತ್ತಿದಂತೆ ಚುರುಕಾಗಿ ಎರಡು ಸಲ ಗುರ್ ಎನ್ನುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗಕೋಶಗಳು ಸೀಳಿ ತೆರೆದುಕೊಳ್ಳುವ ಬದಲು ತುದಿಯ ಸಣ್ಣ ರಂಧ್ರದಿಂದ ಮಾತ್ರ ಪರಾಗವನ್ನು ಬಿಡುವುದರಿಂದ, ದುಂಬಿ ತನ್ನ ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಪರಾಗವನ್ನು ಉಪ್ಪಿನಂತೆ ಉದುರಿಸಿಕೊಳ್ಳಬೇಕು. ಸಾಮಾನ್ಯ ಜೇನುನೊಣಕ್ಕೆ ಈ ವಿದ್ಯೆ ಬಾರದು.

ಅದೇ ಗಿಡಗಳಿಗೆ ತಿಳಿಹಸಿರು ಬಣ್ಣದ ಕಂಬಳಿಹುಳುಗಳು ಬಿದ್ದು ಎರಡು ಗಿಡಗಳನ್ನು ಕಡ್ಡಿ ಮಾಡಿದವು. ಔಷಧಿ ಹೊಡೆಯಲಿಲ್ಲ. ಬಿಳಿಹಸಿರು ರೆಕ್ಕೆಯ ವಲಸೆ ಚಿಟ್ಟೆಗಳು ಮೊಟ್ಟೆಯಿಡುವುದೇ ಈ ಬಳಗದ ಗಿಡಗಳ ಮೇಲೆ. ಹುಳುಗಳು ಕೋಶ ಕಟ್ಟಿದ ಮೇಲೆ ಹದಿನೈದು ದಿನಗಳಲ್ಲಿ ಗಿಡ ಮತ್ತೆ ಚಿಗುರಿತು. ಆ ದೀಪಾವಳಿಗೆ ಸಗಣಿಯುಂಡೆಗಳ ಮೇಲೆ ಚುಚ್ಚಲು ತಂಗಡಿ ಹೂವನ್ನು ಹುಡುಕಿಕೊಂಡು ರಸ್ತೆಬದಿಗೆ ಹೋಗಬೇಕಾಗಲಿಲ್ಲ, ಕೇರಿಯ ಆರೇಳು ಮನೆಯವರು ನಮ್ಮಲ್ಲಿಂದಲೇ ಒಯ್ದರು.

ಬಂದರೆಯಲ್ಲಿ ಒಂದು ಕೊರತೆ ಉಳಿದಿದೆ. ಹನ್ನೊಂದು ಗಿಡಗಳಲ್ಲಿ ಆರು ಮಾತ್ರ ಕಾಯಿ ಕಟ್ಟಿದವು, ಉಳಿದ ಐದು ಎರಡು ವರ್ಷಗಳಿಂದ ಬರೀ ಸೊಪ್ಪು. ಮೊದಲು ಇದನ್ನು ರೋಗವೆಂದೇ ತಿಳಿದಿದ್ದೆ. ಈ ಜಾತಿಯಲ್ಲಿ ಗಂಡು ಹೂ, ಹೆಣ್ಣು ಹೂ ಬಹುಮಟ್ಟಿಗೆ ಬೇರೆ ಬೇರೆ ಗಿಡಗಳಲ್ಲಿರುತ್ತವೆ. ಎರಡಕ್ಕೂ ಎಸಳುಗಳೇ ಇಲ್ಲದಿರುವುದರಿಂದ ಹೂ ಬಿಟ್ಟದ್ದೇ ಕಣ್ಣಿಗೆ ಬೀಳುವುದಿಲ್ಲ. ಬೀಜದಿಂದ ಬೆಳೆಸಿದಾಗ ಯಾವುದು ಗಂಡು, ಯಾವುದು ಹೆಣ್ಣು ಎಂದು ಮೊದಲೇ ಹೇಳಲಾಗುವುದಿಲ್ಲ. ಕೆಂಪು ಛಾಯೆಯ ರೆಕ್ಕೆಕಾಯಿಗಳ ಗೊಂಚಲು ಬೇಲಿಯುದ್ದಕ್ಕೂ ಬೇಕೆನ್ನುವವರು ಕಾಯಿ ಬಿಡುವ ಗಿಡದಿಂದ ಕಡ್ಡಿ ತೆಗೆದು ಬೇರು ಬರಿಸಬೇಕು. ನಾನು ಈ ವರ್ಷ ಹತ್ತು ಕಡ್ಡಿಗಳನ್ನು ಮರಳಿನಲ್ಲಿ ಊರಿದ್ದೇನೆ. ಎರಡು ಮಾತ್ರ ಹಸಿರಾಗಿವೆ.

ಜೂನ್ 2025

ಲಕ್ಕಿಯನ್ನು ಸೊಂಟದ ಮಟ್ಟಕ್ಕೆ ಕಡಿದೆ. ಅದನ್ನು ವರ್ಷಕ್ಕೊಮ್ಮೆ ಹಾಗೆ ಕಡಿಯದಿದ್ದರೆ ಪಕ್ಕದ ಕವಳೆಗೆ ಬಿಸಿಲು ಸಿಗುವುದಿಲ್ಲ. ಬಂದರೆಯ ತುದಿಗಳನ್ನು ಒಂದು ಗೇಣು ಸವರಿದೆ. ಸವರಿದ ಕೊಂಬೆಗಳನ್ನು ಕಟ್ಟಿದರೆ ಅಂಗಳ ಗುಡಿಸುವುದಕ್ಕೆ ಒಳ್ಳೆಯ ಪೊರಕೆ. 34 ಗುಂಡಿಗಳಲ್ಲಿ ಇಂದು 30ರಲ್ಲಿ ಗಿಡಗಳಿವೆ, ಕಳೆದ ಎರಡು ಬೇಸಿಗೆಗಳಲ್ಲಿ ಅವುಗಳಿಗೆ ನಾನು ನೀರು ಹಾಕಿಲ್ಲ.

ಖಾಲಿಯಿರುವ ಕವಳೆ ಗುಂಡಿಯೊಂದರ ಅಂಚಿನಲ್ಲಿ, ಬಂದರೆಯ ನೆರಳಿನಲ್ಲಿ, ನಾನು ನೆಡದ ಒಂದು ಸಸಿ ಎದ್ದಿದೆ. ಪಿಕಳಾರಗಳು ಆ ಕೊಂಬೆಯ ಮೇಲೆ ಕೂರುತ್ತವೆ, ಹಿಕ್ಕೆಯಲ್ಲಿ ಬಂದಿರಬೇಕು. ಎಲೆಗಳು ಎದುರುಬದುರು, ಪ್ರತಿ ಜೊತೆಯ ಮೇಲೆ ಎರಡು ನೇರ ಮುಳ್ಳು. ಮೊದಲ ನೋಟಕ್ಕೆ ಕವಳೆಯೇ ಎಂದು ಹಿಗ್ಗಿದೆ. ಆದರೆ ಎಲೆಯನ್ನು ಮುರಿದರೆ ಹಾಲು ಬರಲಿಲ್ಲ. ಕವಳೆಯ ಯಾವ ಎಲೆಯನ್ನು ಮುರಿದರೂ ಬಿಳಿ ಹಾಲು ಜಿನುಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡು ತೊಟ್ಟುಗಳ ನಡುವೆ, ಕಾಂಡವನ್ನು ತಬ್ಬಿದಂತೆ, ತ್ರಿಕೋನಾಕಾರದ ಪುಟ್ಟ ಹಾಳೆಯೊಂದಿದೆ. ಕಾಫಿ ಗಿಡದ ಬಳಗದವರ ಗುರುತು ಅದು, ಕವಳೆಯಲ್ಲಿ ಇರುವುದಿಲ್ಲ. ಹಾಗಾದರೆ ಇದು ಕಾರೆ ಇರಬೇಕು. ಮಣ್ಣು ಕೆದಕಿ ಬೇರೆಡೆಗೆ ಎತ್ತಿಡುವ ಯೋಚನೆಯನ್ನು ಬಿಟ್ಟು, ಹುಲ್ಲು ಕೀಳಲು ಬರುವಾಕೆ ಕುಡುಗೋಲು ಹಾಕದಿರಲೆಂದು ಅದಕ್ಕೊಂದು ಕೆಂಪು ಬಟ್ಟೆಯ ತುಂಡನ್ನು ಕಟ್ಟಿದ್ದೇನೆ.